ಉಸಿರಿಗೆ ಕೊಟ್ಟ ಔಷಧಿ, ರಕ್ತದ ಭಯ

ಮಗು ಉಸಿರಾಡುವುದನ್ನು ಮರೆಯುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಮನೆಯ ಕೀಲಿ ಮರೆಯಬಹುದು, ಒಲೆಯ ಮೇಲೆ ಹಾಲಿಟ್ಟದ್ದು ಮರೆಯಬಹುದು. ಉಸಿರನ್ನು ಯಾರಾದರೂ ಮರೆಯುತ್ತಾರೆಯೇ? ನನ್ನ ಮಗ ಮರೆಯುತ್ತಿದ್ದ. ಹುಟ್ಟಿದ ಎರಡನೆಯ ದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದವನ ಎದೆ ನನ್ನ ಕಣ್ಣೆದುರೇ ನಿಂತುಹೋಯಿತು. ಮೈ ಬೂದಿ ಬಣ್ಣಕ್ಕೆ ತಿರುಗಿತು. ತಲೆಯ ಹತ್ತಿರದ ಯಂತ್ರ ಕೂಗತೊಡಗಿತು. ಸಿಸ್ಟರ್ ಓಡಿ ಬಂದವರೇ ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ ಅವನ ಅಂಗಾಲಿಗೆ ಬೆರಳಿನಿಂದ ಟಪ್ ಟಪ್ ಎಂದು ಹೊಡೆದರು. ಅವನು ಮುಖ ಕಿವುಚಿ ಮತ್ತೆ ಉಸಿರೆಳೆದುಕೊಂಡ.

"ಮರೀತಾವ್ರೀ ಈ ಕೂಸುಗಳು. ನಾವು ನೆನಪ ಮಾಡಿಕೊಡಬೇಕು," ಎಂದರು, ಏನೂ ಆಗಿಲ್ಲವೆಂಬಂತೆ.

ನೀವೀಗ ಅಂಥದೇ ಒಂದು ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು, ಒಳಗಿನಿಂದ ಯಾರು ಬಂದರೂ ಎದೆ ಧಸಕ್ಕೆಂದು ಎದ್ದು ನಿಲ್ಲುತ್ತಿದ್ದರೆ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ವೈದ್ಯಶಾಸ್ತ್ರ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಭಯ, ಮತ್ತು ಆ ಭಯದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪು.

ನನ್ನ ಹೆಸರು ಮಹಾನಂದಾ. ತವರು ಭಾಲ್ಕಿ. ಮದುವೆಯಾಗಿ ನಾಸಿಕಿಗೆ ಬಂದು ಆರು ವರ್ಷವಾಗಿತ್ತು. ಗಂಡ ಸಿದ್ರಾಮ ಮತ್ತು ನಾನು ಇಬ್ಬರೂ ಅಲ್ಲಿಯ ಸಾತಪುರದ ಕಾರ್ಖಾನೆಗಳಲ್ಲೇ ಕೆಲಸ ಮಾಡುವವರು. ಅವರು ಲೇಥಿನ ಮೇಲೆ, ನಾನು ಇನ್ನೊಂದು ಕಡೆ ಕ್ವಾಲಿಟಿ ವಿಭಾಗದಲ್ಲಿ. ದಿನವಿಡೀ ಉಕ್ಕಿನ ಉಂಗುರಗಳನ್ನು ಅಳೆದು, ಹಾಳೆಯ ಮೇಲೆ ಚುಕ್ಕೆ ಇಟ್ಟು, ಚುಕ್ಕೆಗಳನ್ನು ಗೆರೆಯಿಂದ ಕೂಡಿಸುವುದು ನನ್ನ ಕೆಲಸ. ಗೆರೆ ಇಳಿಯತೊಡಗಿದರೆ ಯಾಕೆ ಎಂದು ಕೇಳಬೇಕು. ಅದಕ್ಕೆ ಸಿಕ್ಕ ಉತ್ತರಕ್ಕೂ ಯಾಕೆ ಎನ್ನಬೇಕು, ಹೀಗೆ ಐದು ಸಲ. ಹೊಸದಾಗಿ ಬದಲಾಗಿದ್ದು ಯಾವುದು ಎಂದು ಹುಡುಕಿ, ಅದನ್ನು ನಿಲ್ಲಿಸಿ, ಹತ್ತು ತುಂಡು ಓಡಿಸಿ ಮತ್ತೆ ಅಳೆಯಬೇಕು. ಈ ಕೆಲಸದಲ್ಲಿ ನಾನು ಜೋರು. ಸೂಪರ್‌ವೈಸರುಗಳೇ ನನ್ನನ್ನು ಕಂಡು ದಾರಿ ಬದಲಿಸುತ್ತಿದ್ದರು.

ನಮ್ಮ ಕಡೆ ಚೊಚ್ಚಲ ಬಸುರಿಯನ್ನು ಬೆಸ ತಿಂಗಳಲ್ಲೇ ತವರಿಗೆ ಕರೆದೊಯ್ಯುತ್ತಾರೆ. ಎಂಟರಲ್ಲಿ ಕೂಡದು. ಒಂಬತ್ತರಲ್ಲಿ ಅಷ್ಟು ದೂರ ರೈಲು ಬೇಡವೆಂದು ಏಳರಲ್ಲೇ ಕುಬಸದ ಶಾಸ್ತ್ರ ಮುಗಿಸಿ ಅವ್ವ ನನ್ನನ್ನು ಕರೆದುಕೊಂಡು ಹೊರಟಳು. ಮನ್ಮಾಡ್ ದಾಟಿದ ಮೇಲೆ ಸೊಂಟ ನೋಯತೊಡಗಿತು. "ಕುಂತು ಕುಂತು ಹಿಡದದ, ಕಾಲು ಚಾಚು," ಎಂದಳು ಅವ್ವ. ಸ್ವಲ್ಪ ಹೊತ್ತಿನಲ್ಲಿ ಅದು ಕುಳಿತ ನೋವಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಸಂಭಾಜಿನಗರ ಬರುತ್ತಲೇ ಪುಣ್ಯಾತ್ಮರು ಯಾರೋ ನನ್ನನ್ನು ಎತ್ತಿ ಇಳಿಸಿದರು. ಗುರುತಿಲ್ಲದ ಊರು, ಗುರುತಿಲ್ಲದ ಆಸ್ಪತ್ರೆ. ಸಂಜೆಗೆ ಮುಂಚೆ ಮಗ ಹುಟ್ಟಿದ. ಒಂದು ಕಿಲೋ ನೂರು ಗ್ರಾಂ.

"ನನ್ನ ಅಂಗೈಯಾಗ ಹಿಡೀತಾನಲ್ಲ ಯವ್ವಾ," ಎಂದಳು ಅವ್ವ. ಆಮೇಲೆ ಆ ದಿನವೆಲ್ಲ ಮಾತಾಡಲಿಲ್ಲ. ಅವ್ವ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಉಸಿರು ನಿಂತ ದಿನವೇ ಅವನಿಗೆ ಔಷಧಿ ಶುರುವಾಯಿತು. ಅಲ್ಲಿನ ದೊಡ್ಡ ಡಾಕ್ಟರು ಒಬ್ಬ ಹೆಂಗಸು, ತೆಳ್ಳಗೆ, ತಗ್ಗಿದ ದನಿಯವರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಇದು ಕೆಫೀನ್. ಮೆದುಳನ್ನು ಎಚ್ಚರವಾಗಿ ಇಡುತ್ತದೆ. ಉಸಿರು ಮರೆಯುವುದು ಕಡಿಮೆಯಾಗುತ್ತದೆ," ಎಂದರು.

ಅವ್ವನಿಗೆ ತಿಳಿಸಿ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಹಿಡಿದಳು. "ಚಾದಾಗ ಇರ್ತದಂತಲ್ಲ, ಅದಾ? ಹಸಿ ಕೂಸಿಗಿ ಚಾ ಕುಡಸ್ಲತ್ತಾರ?"

"ಚಾ ಅಲ್ಲ ಆಯಿ, ದವಾ," ಎಂದು ಶೋಭಾ ಸಿಸ್ಟರ್ ನಕ್ಕರು. ಅಂಗಾಲಿಗೆ ಹೊಡೆದು ಮಗನನ್ನು ಮರಳಿ ಕರೆತಂದವರು ಇವರೇ. ಉದಗೀರ ಕಡೆಯವರು. ಅಜ್ಜಿ ಮನೆಯಲ್ಲಿ ಕನ್ನಡವೇ ಆಡುತ್ತಿದ್ದಳಂತೆ. ಆ ಊರಲ್ಲಿ ನಮ್ಮ ಮಾತು ಕೇಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಔಷಧಿ ಕೆಲಸ ಮಾಡಿತು. ಮೊದಲ ದಿನ ಹತ್ತು ಸಲ ಕೂಗಿದ್ದ ಯಂತ್ರ ಎರಡು ಸಲ ಕೂಗಿತು, ಆಮೇಲೆ ಒಂದು ಸಲ, ಆಮೇಲೆ ಇಡೀ ದಿನ ಸುಮ್ಮನಿತ್ತು. ಎರಡು ಗಂಟೆಗೊಮ್ಮೆ ಹಾಲು ಹಿಂಡಿಕೊಟ್ಟು, ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲವೆಂದು ಅವ್ವನಿಂದ ಬೈಸಿಕೊಂಡು, ಹೊರಗಿನ ಬೆಂಚಿನ ಮೇಲೆ ಕುಳಿತೇ ಇರುತ್ತಿದ್ದೆ. ಸಿದ್ರಾಮ ವಾರದ ರಜೆಗೆ ಬಸ್ಸು ಹಿಡಿದು ಬಂದು, ಕೈ ತೊಳೆದು ತೊಳೆದು, ಮಗನನ್ನು ಮುಟ್ಟದೆಯೇ ಹೋಗುತ್ತಿದ್ದರು. "ನನ್ನ ಕೈ ಒರಟು ಅದ," ಎನ್ನುತ್ತಿದ್ದರು.

ಮೂರನೆಯ ವಾರ ಮಗ ಬಿಳಿಚಿಕೊಳ್ಳತೊಡಗಿದ. ರಕ್ತ ಇಳಿಯುತ್ತಿದೆ ಎಂದರು. ಒಂದು ಬೆಳಿಗ್ಗೆ ಡಾಕ್ಟರುಗಳು ಸುತ್ತು ಬಂದಾಗ ನಾನು ಪೆಟ್ಟಿಗೆಯ ಪಕ್ಕದಲ್ಲೇ ಇದ್ದೆ. ಕಲಿಯುವ ಡಾಕ್ಟರೊಬ್ಬಳು ಕೇಳಿದಳು: "ಮೇಡಂ, ಈ ಉಸಿರಿನ ಔಷಧಿ ರಕ್ತ ತಯಾರಾಗುವುದನ್ನು ತಗ್ಗಿಸುತ್ತದೆ ಅಂತಾರಲ್ಲ?"

"ತಗ್ಗಿಸಬಹುದು," ಎಂದರು ಮೇಡಂ. "ರಕ್ತ ಮಾಡು ಎಂದು ಮೂಳೆಗೆ ಮೈಯೊಳಗಿಂದ ಒಂದು ಸುದ್ದಿ ಹೋಗುತ್ತದೆ. ಈ ಔಷಧಿ ಆ ಸುದ್ದಿಯನ್ನು ಸ್ವಲ್ಪ ಕುಗ್ಗಿಸುತ್ತದೇನೋ ಎಂಬ ಅನುಮಾನ ಇದೆ. ಎಳೆ ಮಕ್ಕಳಲ್ಲಿ ಎಷ್ಟು ಎಂಬುದು ಇನ್ನೂ ಖಚಿತವಿಲ್ಲ. ಹೇಗೂ ಇಷ್ಟು ಬೇಗ ಹುಟ್ಟಿದವರ ರಕ್ತ ಇಳಿದೇ ಇಳಿಯುತ್ತದೆ. ಉಸಿರೇ ನಿಂತರೆ ರಕ್ತ ಇಟ್ಟುಕೊಂಡು ಏನು ಮಾಡೋಣ?"

ಪೂರ್ತಿ ಮಾತು ಕೇಳಿಸಿಕೊಂಡೆ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ತಲೆಯಲ್ಲಿ ನಿಂತದ್ದು 'ತಗ್ಗಿಸಬಹುದು' ಎಂಬುದೊಂದೇ. ಅವನನ್ನು ಉಳಿಸುತ್ತಿರುವ ಹನಿಯೇ ಅವನನ್ನು ಒಣಗಿಸುತ್ತಿದೆಯೇ? ಆ ದಿನವಿಡೀ ಇದೊಂದೇ ಪ್ರಶ್ನೆ.

ಹೆದರಿದ ಮನುಷ್ಯ ತನಗೆ ಗೊತ್ತಿರುವ ಕೆಲಸಕ್ಕೆ ಕೈ ಹಾಕುತ್ತಾನೆ. ನಾನು ಗೆರೆ ಹಾಳೆಯೊಂದನ್ನು ತರಿಸಿಕೊಂಡೆ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಅವನ ರಕ್ತದ ಮಟ್ಟ, ಅಂದರೆ ಎಚ್‌ಬಿ. ಔಷಧಿ ಶುರುವಾದ ದಿನಕ್ಕೆ ಕೆಂಪು ಗುರುತು ಹಾಕಿದೆ. ಹಳೆಯ ರಿಪೋರ್ಟುಗಳಿಂದ ಸಿಕ್ಕಷ್ಟು ಚುಕ್ಕೆ ಇಟ್ಟೆ. ಕೆಂಪು ಗುರುತಿನಿಂದಾಚೆ ಗೆರೆ ಇಳಿಯುತ್ತಲೇ ಹೋಗಿತ್ತು. ಆದರೆ ಚುಕ್ಕೆಗಳ ನಡುವೆ ಬಹಳ ಅಂತರವಿತ್ತು. ಅಂತರವಿದ್ದರೆ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಹಾಗಾಗಿ ಆ ಕಲಿಯುವ ಡಾಕ್ಟರ್ ಹುಡುಗಿಯ ಬೆನ್ನು ಹತ್ತಿದೆ.

"ಇವತ್ತಿನ ಎಚ್‌ಬಿ ಎಷ್ಟು?"

"ಇವತ್ತು ಮಾಡಿಲ್ಲ, ತಾಯಿ."

"ಯಾಕೆ ಮಾಡಿಲ್ಲ? ನಿಮಗೆ ಗೊತ್ತಿರದಿದ್ದರೆ ಯಾರಿಗೆ ಗೊತ್ತಿರಬೇಕು?"

ಪಾಪ, ಚಿಕ್ಕ ಹುಡುಗಿ. ನನ್ನ ಕಾಟ ತಾಳದೆ, ಬೇರೆ ಪರೀಕ್ಷೆಗೆ ತೆಗೆಯುವಾಗ ಇನ್ನೊಂದಿಷ್ಟು ತೆಗೆದು ಕಳಿಸುತ್ತಿದ್ದಳು. ಒಮ್ಮೆ, ನಂಬರು ತಪ್ಪಿರಬಹುದು, ಮತ್ತೆ ಮಾಡಿ ಎಂದೂ ಜಗಳ ಮಾಡಿದೆ. ಅದನ್ನೂ ಮಾಡಿದಳು. ಹಾಳೆ ತುಂಬುತ್ತಾ ಬಂತು. ಚುಕ್ಕೆಗಳು ಒತ್ತೊತ್ತಾಗಿ, ಸಾಲಾಗಿ, ಕೆಳಕ್ಕೆ ಇಳಿದವು.

ನಾಲ್ಕನೆಯ ವಾರ ಮೇಡಂ ಕರೆದು, ಮಗನಿಗೆ ರಕ್ತ ಕೊಡಬೇಕು, ಒಪ್ಪಿಗೆ ಸಹಿ ಬೇಕು ಎಂದರು. ಅಂದು ಸಿದ್ರಾಮ ಬಂದಿದ್ದರು. ನಾನು ಹಾಳೆಯನ್ನು ಮೇಜಿನ ಮೇಲೆ ಹರಡಿದೆ.

"ಮೊದಲು ಔಷಧಿ ನಿಲ್ಲಿಸಿ," ಎಂದೆ. "ನಾಲ್ಕು ದಿನ ನೋಡೋಣ. ಗೆರೆ ಮೇಲೆದ್ದರೆ ಯಾರದೋ ರಕ್ತ ಯಾಕೆ ಬೇಕು?"

ಮೇಡಂ ಹಾಳೆಯನ್ನೂ ನೋಡಿದರು, ನನ್ನನ್ನೂ ನೋಡಿದರು. "ನಿಮ್ಮ ಕಾರ್ಖಾನೆಯಲ್ಲಿ ಹೀಗೇ ಮಾಡುತ್ತೀರಾ?"

"ಹೌದು. ನಿಲ್ಲಿಸಿ, ಹತ್ತು ತುಂಡು ಓಡಿಸಿ ನೋಡುತ್ತೇವೆ."

"ನನ್ನ ಹತ್ತಿರ ಇರುವುದು ಒಂದೇ ಅಲ್ಲವೇ," ಎಂದರು ಮೆಲ್ಲಗೆ.

ಆಗಲೇ ನಾನು ಸೋಲಬೇಕಿತ್ತು. ಸೋಲಲಿಲ್ಲ. ಸಿದ್ರಾಮನ ಕಡೆ ನೋಡಿದೆ. ಅವರ ಮುಖ ಬಿಳಿಚಿತ್ತು. ಆದರೂ ನನ್ನ ಪರವಾಗಿ ನಿಂತರು. "ಆಕಿ ಅಳದದ್ದು ಇಲ್ಲೀ ತನ ತಪ್ಪಿಲ್ರೀ ಮೇಡಂ," ಎಂದರು, ಕನ್ನಡದಲ್ಲೇ, ಗಾಬರಿಯಲ್ಲಿ ಮರಾಠಿ ಮರೆತು. ಸಹಿ ಹಾಕದೆ ಹೊರಗೆ ಬಂದೆವು.

ಮೇಡಂ ಔಷಧಿ ನಿಲ್ಲಿಸಲಿಲ್ಲ. ನಾನು ಸಹಿ ಹಾಕಲಿಲ್ಲ. ಹಾಗೆ ಎರಡು ದಿನ ಹೋಯಿತು. ಎರಡು ಸಲ ಮೇಡಂ ತಾವಾಗಿಯೇ ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತರು, ಸಹಿ ಕೇಳಿದರು, ಎದ್ದು ಹೋದರು. ಸಿದ್ರಾಮ ಪಾಳಿಗೆ ಹೋಗಲೇಬೇಕಾಗಿ ನಾಸಿಕಿಗೆ ಮರಳಿದರು. ಅವ್ವ ಮೊದಲ ದಿನ ನನ್ನ ಕಡೆಗಿದ್ದಳು. ಎರಡನೆಯ ದಿನ ಬೆಳಿಗ್ಗೆ, "ನಂದಾ, ಆ ಡಾಕ್ಟರಬಾಯಿ ಎರಡ ಸರ್ತಿ ನಿನ್ನ ಬಲ್ಲಿ ಬಂದು ಕುಂತಾಳ. ಜರೂರು ಇಲ್ಲದ ಬರ್ತಾಳನು?" ಎಂದಳು. ನಾನು ಅವ್ವನ ಮೇಲೆ ಹರಿಹಾಯ್ದೆ. ಬೆಸ ತಿಂಗಳು, ಬೆಸ ತಿಂಗಳು ಎಂದು ರೈಲು ಹತ್ತಿಸಿದವಳು ನೀನೇ ಎಂದುಬಿಟ್ಟೆ. ಅವಳು ನನ್ನ ಹಾಲಿನ ಬಟ್ಟಲನ್ನು ತೊಳೆಯಲು ಎತ್ತಿಕೊಂಡು ಹೋದಳು. ಪ್ರಯಾಣದಿಂದ ಹಾಗಾಗಿದ್ದಲ್ಲ ಎಂದು ಮಗ ಹುಟ್ಟಿದ ದಿನವೇ ಮೇಡಂ ಹೇಳಿದ್ದರು. ಅದು ನೆನಪಿದ್ದೂ ಹಾಗೆಂದೆ.

ಅದೇ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಶೋಭಾ ಸಿಸ್ಟರ್ ಮಗನನ್ನು ನನ್ನ ಎದೆಯ ಮೇಲೆ ಮಲಗಿಸಿದ್ದರು. ಬರಿ ಎದೆಗೆ ಬರಿ ಮೈ, ಮೇಲೊಂದು ದುಪಟಿ. ಬೆಳಿಗ್ಗೆಯಿಂದ ನಾಲ್ಕು ಸಲ ಉಸಿರು ಮರೆತಿದ್ದ. ಔಷಧಿ ನಡೆಯುತ್ತಲೇ ಇತ್ತು, ಆದರೂ. ನನ್ನ ಎದೆಗೆ ಅವನ ಉಸಿರು ಬೆಚ್ಚಗೆ ತಾಗುತ್ತಿತ್ತು. ಒಮ್ಮೆಗೇ ಅದು ತಾಗಲಿಲ್ಲ.

ಯಂತ್ರ ಕೂಗುವ ಮೊದಲೇ ನನಗೆ ಗೊತ್ತಾಯಿತು. ಬೆನ್ನು ಸವರಿದೆ. ಅಂಗಾಲಿಗೆ ಹೊಡೆದೆ, ಸಿಸ್ಟರ್ ಹೊಡೆದ ಹಾಗೆಯೇ. ಇನ್ನೊಮ್ಮೆ ಹೊಡೆದೆ. ಅವನ ಕೈ ಜೋತುಬಿತ್ತು, ಒದ್ದೆ ಬಟ್ಟೆಯ ಹಾಗೆ. "ಸಿಸ್ಟರ್!" ಎಂದು ನಾನು ಕೂಗಿದ್ದು ನನ್ನ ದನಿಯೇ ಆಗಿರಲಿಲ್ಲ. ಶೋಭಾ ಸಿಸ್ಟರ್ ಅವನನ್ನು ನನ್ನಿಂದ ಕಿತ್ತುಕೊಂಡೇ ಹೋದರು. ಮೇಜಿನ ಮೇಲೆ ಮಲಗಿಸಿ, ಮುಖಕ್ಕೆ ಪುಟ್ಟ ಮುಸುಕಿಟ್ಟು, ರಬ್ಬರಿನ ಚೀಲ ಹಿಸುಕಿ ಹಿಸುಕಿ ಗಾಳಿ ತುಂಬಿದರು. ನನ್ನ ರವಿಕೆ ತೆರೆದೇ ಇತ್ತು. ನಾನು ಕುರ್ಚಿಯಲ್ಲೇ ಇದ್ದೆ. ದೇವರನ್ನು ಕರೆದೆನೋ ಇಲ್ಲವೋ ನೆನಪಿಲ್ಲ. ಹೋದ, ಹೋದ, ನಾನೇ ಕೊಂದೆ ಎಂದುಕೊಳ್ಳುತ್ತಿದ್ದದ್ದು ಮಾತ್ರ ನೆನಪಿದೆ.

ಅವನು ಮರಳಿದ. ಬೆಕ್ಕಿನ ಮರಿಯಷ್ಟು ಸಣ್ಣದಾಗಿ ಅತ್ತ.

ಮೇಡಂ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕುರ್ಚಿ ಎಳೆದುಕೊಂಡು ಕುಳಿತು, "ರಕ್ತ ತೀರಾ ಕಡಿಮೆಯಾದರೆ ಉಸಿರು ಇನ್ನೂ ಹೆಚ್ಚು ಮರೆಯುತ್ತಾರೆ. ಔಷಧಿಯೊಂದೇ ಸಾಕಾಗುವುದಿಲ್ಲ," ಎಂದರು. ಆಮೇಲೆ, "ನಿಮ್ಮ ಹಾಳೆ ಎಲ್ಲಿ?" ಎಂದು ಕೇಳಿದರು.

ಕೊಟ್ಟೆ. ಅವರು ಪೆನ್ನಿನ ತುದಿಯಿಂದ ಒಂದೊಂದೇ ಚುಕ್ಕೆಯನ್ನು ಮುಟ್ಟುತ್ತಾ ಹೋದರು.

"ಇದು ನಮಗೆ ಬೇಕಾಗಿತ್ತು. ಇದೂ ಬೇಕಾಗಿತ್ತು. ಇದು?" ಎಂದು ತಲೆಯೆತ್ತಿದರು. "ಇದನ್ನು ಯಾಕೆ ಮಾಡಿದರು?"

ಪೆನ್ನು ಮುಂದಿನ ಚುಕ್ಕೆಗೆ ಹೋಯಿತು.

"ಇದು? ಅದೇ ದಿನ ಎರಡನೆಯ ಸಲ?"

"ನಾನೇ ಕೇಳಿದ್ದೆ," ಎಂದೆ.

"ಅವನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಒಂದು ಚಹಾ ಕಪ್ಪು ತುಂಬುತ್ತದೆ, ಅಷ್ಟೇ. ಪ್ರತಿ ಸಲ ಅದರಿಂದಲೇ ತೆಗೆಯಬೇಕು." ಹಾಳೆಯನ್ನು ನನ್ನ ಕಡೆ ಸರಿಸಿ, "ತಪ್ಪು ನಮ್ಮದೂ ಹೌದು. ನಮ್ಮ ಹುಡುಗಿ ಇಲ್ಲ ಅನ್ನಬೇಕಿತ್ತು. ನಾನು ಗಮನಿಸಬೇಕಿತ್ತು," ಎಂದರು.

ಕಾರ್ಖಾನೆಯಲ್ಲಿ ಉಕ್ಕು ಒಳಗೆ ಹೇಗೆ ಹದಗೊಂಡಿದೆ ಎಂದು ನೋಡಬೇಕಾದರೆ ಉಂಗುರವನ್ನು ಕತ್ತರಿಸಬೇಕು. ಕತ್ತರಿಸಿದ ಉಂಗುರ ಮತ್ತೆ ಮಾಲಾಗುವುದಿಲ್ಲ, ಗುಜರಿಗೆ ಹೋಗುತ್ತದೆ. ಅದಕ್ಕೇ ಸಾವಿರಕ್ಕೆ ಒಂದನ್ನು ಕತ್ತರಿಸುತ್ತೇವೆ. ಇದನ್ನು ಹೊಸಬರಿಗೆ ಕಲಿಸಿಕೊಡುವವಳೇ ನಾನು. ಐದು ಸಲ ಯಾಕೆ ಎಂದು ಕೇಳಿದ ನಾನು, ಚುಕ್ಕೆ ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳಿರಲಿಲ್ಲ. ಮಗನ ರಕ್ತ ಯಾರು ಕುಡಿಯುತ್ತಿದ್ದಾರೆ ಎಂದು ಲೋಕವನ್ನೆಲ್ಲ ಅನುಮಾನಿಸಿ, ನಾನೇ ಹನಿ ಹನಿಯಾಗಿ ತೆಗೆಸಿ ಹಾಳೆಗೆ ಬಳಿದಿದ್ದೆ. ಅಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.

ಸಹಿ ಹಾಕಿದೆ. ಸಿದ್ರಾಮನಿಗೆ ಫೋನು ಮಾಡಿದೆ. ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು. ಎಲ್ಲ ಹೇಳಿದೆ. ಅವರು ಆ ಸದ್ದಿನಿಂದ ಹೊರಗೆ ಬಂದರು. ಆಮೇಲೆ, "ನೀ ಅಷ್ಟು ಜೋರಿಲೆ ಹೇಳಿದಾಗ ನನಗೂ ಅಂಜಿಕಿ ಇತ್ತು ಮಹಾನಂದಾ. ಆದ್ರ ನಿನಗ ಅಂಜಿಕಿ ಇಲ್ಲಂತ ತಿಳ್ಕೊಂಡಿದ್ದೆ," ಎಂದರು. ನಾವಿಬ್ಬರೂ ಒಬ್ಬರ ಧೈರ್ಯವನ್ನು ನೋಡಿ ಇನ್ನೊಬ್ಬರು ಸುಮ್ಮನಿದ್ದೆವು. ಇಬ್ಬರಲ್ಲೂ ಧೈರ್ಯವಿರಲಿಲ್ಲ.

ರಕ್ತ ಬಂದಿತು. ದೊಡ್ಡ ಚೀಲವೇನಲ್ಲ, ಒಂದು ಸಿರಿಂಜು. ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಇರುವೆ ನಡೆಯುವಷ್ಟು ನಿಧಾನವಾಗಿ ಒಳಗೆ ಬಿಟ್ಟರು. ಗಾಜಿನಾಚೆಯಿಂದ ಅವ್ವ ನೋಡುತ್ತಿದ್ದಳು.

"ಯಾರ ರಗತರೀ ಅದು?" ಎಂದು ಶೋಭಾ ಸಿಸ್ಟರಿಗೆ ಕೇಳಿದಳು. ಯಾವ ಜಾತಿಯವರದು ಎಂಬುದೇ ಆ ಪ್ರಶ್ನೆ, ನನಗೆ ಗೊತ್ತು.

"ಕೆಂಪಂದು ಅದ, ಆಯಿ," ಎಂದರು ಸಿಸ್ಟರ್.

ಅವ್ವ ಮತ್ತೆ ಗಾಜಿನ ಕಡೆ ತಿರುಗಿದಳು. ಆಮೇಲೆ ಆ ಸಿರಿಂಜಿನ ಕಡೆ ಎರಡೂ ಕೈ ಜೋಡಿಸಿದಳು. "ಯಾರ ಹೊಟ್ಟಿಯಾಗ ಹುಟ್ಟಿದವ್ರೋ, ಅವ್ರ ಹೊಟ್ಟಿ ತಣ್ಣಗಿರ್ಲಿ," ಎಂದಳು. ಸಂಜೆಯ ಹೊತ್ತಿಗೆ ಮಗನ ಕಿವಿಯ ತುದಿ ಗುಲಾಬಿಯಾಯಿತು. ಕಿವಿಯಿಂದ ಕೆನ್ನೆಗೆ ಇಳಿಯಿತು. ನಾನು ಅವ್ವನ ಕಾಲು ಹಿಡಿದೆ, ಬೆಳಿಗ್ಗೆ ಆಡಿದ ಮಾತಿಗೆ. "ಏಳು, ಬಾಣಂತಿ ಬಗ್ಗಬಾರದು," ಎಂದು ರೇಗಿದಳು.

ಆಮೇಲಿನದು ಭಯವಿಲ್ಲದ ಕಥೆಯೆಂದುಕೊಳ್ಳಬೇಡಿ. ಏಳನೆಯ ವಾರ ಉಸಿರಿನ ಔಷಧಿ ನಿಲ್ಲಿಸಿದರು. ನಿಲ್ಲಿಸಿ ಎಂದು ಜಗಳ ಕಾಯ್ದವಳು ನಾನೇ. ನಿಲ್ಲಿಸಿದ ದಿನ ಬಾತ್‌ರೂಮಿಗೆ ಹೋಗಲೂ ಹೆದರಿದೆ. ಕೆಲವು ದಿನ ಯಂತ್ರ ಸುಮ್ಮನಿದ್ದರೆ ಮಾತ್ರ ಮನೆಗೆ ಎಂದಿದ್ದರು. ಐದನೆಯ ದಿನ ಅದು ಕೂಗಿತು. ಲೆಕ್ಕ ಮತ್ತೆ ಒಂದರಿಂದ. ಕೊನೆಗೆ ಅವನನ್ನು ಎತ್ತಿಕೊಂಡು ಹೊರಡುವಾಗ ಮೇಡಂಗೆ ಕೇಳಿದೆ: "ಔಷಧಿಯಿಂದ ರಕ್ತ ತಗ್ಗಿತ್ತಾ, ಮೇಡಂ? ನಿಜ ಹೇಳಿ."

"ಗೊತ್ತಿಲ್ಲ," ಎಂದರು. "ಒಂದಿಷ್ಟು ತಗ್ಗಿರಬಹುದು. ನಾಳೆ ಇಂಥದೇ ಮಗು ಬಂದರೆ ಮತ್ತೆ ಅದನ್ನೇ ಕೊಡುತ್ತೇನೆ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಅಷ್ಟೊಂದು ನಂಬಬಹುದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹಾಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ.

ನಾಸಿಕಿನಲ್ಲಿ ಮಕ್ಕಳ ಡಾಕ್ಟರು ಪ್ರತಿ ಸಲ ಅವನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ಕಬ್ಬಿಣದ ಹನಿ ಮುಂದುವರಿಸಿ, ತೂಕ ಏರಿದೆ, ಇವತ್ತು ರಕ್ತ ಪರೀಕ್ಷೆ ಬೇಡ ಎನ್ನುತ್ತಿದ್ದರು. ನಂಬರಿಲ್ಲದೆ ಮನೆಗೆ ಮರಳುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ರಿಕ್ಷಾದಲ್ಲಿ ಅವನ ಅಂಗೈ ಬಿಡಿಸಿ ಬಿಡಿಸಿ ನೋಡುತ್ತಿದ್ದೆ, ಬಿಳಿಚಿದೆಯೇ, ಕೆಂಪಿದೆಯೇ ಎಂದು. ಸಿದ್ರಾಮ ಬಯ್ದರೂ ಬಿಡುತ್ತಿರಲಿಲ್ಲ.

ಅವನಿಗೆ ಪ್ರಭು ಎಂದು ಹೆಸರಿಟ್ಟೆವು. ಮೊನ್ನೆ ಹದಿಮೂರು ತಿಂಗಳಾಯಿತು. ಭಾನುವಾರ ಬೆಳಿಗ್ಗೆ ಮಂಚ ಹಿಡಿದು ನಿಂತವನು ಕೈ ಬಿಟ್ಟು ಎರಡು ಹೆಜ್ಜೆ ಹಾಕಿದ. ಮೂರನೆಯದಕ್ಕೆ ಮುಗ್ಗರಿಸಿ ಬಿದ್ದ. ಕೆಳತುಟಿಗೆ ಹೊಸ ಹಲ್ಲು ನಾಟಿ ರಕ್ತ ಬಂತು. ಮನೆಯೆಲ್ಲ ಹಾರಿಹೋಗುವ ಹಾಗೆ ಕಿರುಚಿದ. ಸಿದ್ರಾಮ ಒದ್ದೆ ಬಟ್ಟೆಗೆ ಓಡಿದರು. ಊರಿಂದ ಬಂದಿದ್ದ ಅವ್ವ ಸಕ್ಕರೆ ಡಬ್ಬಿಗೆ ಓಡಿದಳು.

ಅವನನ್ನು ತೊಡೆಯ ಮೇಲೆ ಹಾಕಿಕೊಂಡು ತುಟಿ ಒರೆಸಿದೆ. ನನ್ನ ಬೆರಳ ತುದಿಗೆ ಒಂದು ಹನಿ ಅಂಟಿತು. ದಪ್ಪ, ಕಡುಕೆಂಪು. ಹುಟ್ಟಿದಾಗಿನಿಂದ ಯಾರೂ ಸೂಜಿ ಹಾಕದೆ ಹೊರಗೆ ಬಂದ ಅವನ ಮೊದಲ ರಕ್ತ ಅದು. ಅಂದು ಕೊಟ್ಟವರ ರಕ್ತ ಅವನನ್ನು ದಡ ಮುಟ್ಟಿಸಿ ಯಾವಾಗಲೋ ಮುಗಿದಿತ್ತು. ಇದಿಷ್ಟೂ ಅವನು ತಾನೇ ಮಾಡಿಕೊಂಡದ್ದು.

"ಹುಚ್ಚಿ, ಬೆರಳ ಏನ್ ನೋಡ್ಕೋತ ಕುಂತಿ, ಕೂಸಿನ ಬಾಯಿ ನೋಡು!" ಎಂದು ಅವ್ವ ಕೂಗಿದಳು.

"ತಡಿ ಅವ್ವಾ," ಎಂದೆ. "ಎಷ್ಟು ಕೆಂಪ ಅದ ನೋಡು."

ಅವ್ವ ಸಕ್ಕರೆ ಹಿಡಿದ ಮುಷ್ಟಿಯಲ್ಲೇ ಬಗ್ಗಿ ನೋಡಿದಳು. ಅವನು ಇನ್ನೂ ಅಳುತ್ತಲೇ ಇದ್ದ, ಒಂದು ಉಸಿರೂ ತಪ್ಪಿಸದೆ.